ಮಗುಚಿ ನೋಡದ ಮೀನು

ಸೋಮವಾರ ಬೆಳಿಗ್ಗೆ ಜಪಾನಿನ ಹಮಾಮತ್ಸುವಿನ ಠಾಣೆಗೆ ಬಂದ ತೆರಾದಾ ಕಿಯೊಕೊ ಕುರ್ಚಿಯಲ್ಲಿ ಕೂರಲೂ ಇಲ್ಲ. ತಮ್ಮ ಸಾಕಣೆ ಕೇಂದ್ರದ ತಾಯಿ ಮೀನು ಕಳುವಾಗಿದೆ, ಅದರ ಗುರುತಿನ ಚಿಪ್ ಹೊತ್ತು ಬೇರೊಂದು ಮೀನು ತೊಟ್ಟಿಯಲ್ಲಿ ಈಜುತ್ತಿದೆ ಎಂದು ದೂರು ಕೊಟ್ಟರು. ಕಲುಗಾ ಜಾತಿಯ ಸ್ಟರ್ಜನ್ ಅದು, ಮೊಟ್ಟೆಗೆ ಚಿನ್ನದ ಬೆಲೆ ಬರುವ ದೊಡ್ಡ ಮೀನು. ಮರಿಯಿಂದ ಸಾಕಿದ್ದು, ಈ ಚಳಿಗಾಲಕ್ಕೆ ಮೊದಲ ಬಸಿರು. ಅನುಮಾನ, ತೊಟ್ಟಿಯ ಬೀಗದ ಕೀ ಇಟ್ಟುಕೊಳ್ಳುವ ಸಂದೀಪನ ಮೇಲೆ.

ಸಂದೀಪ ಮಲ್ಪೆಯವನು, ಮೀನುಗಾರರ ಮಗ. ಅವನ ಹೇಳಿಕೆ ಪಡೆಯಲು ಇನ್‌ಸ್ಪೆಕ್ಟರ್ ಸುಗಿಯಾಮಾ ದುಭಾಷಿ ಜ್ಯೋತ್ಸ್ನಾಳನ್ನು ಸಾಕಣೆ ಕೇಂದ್ರಕ್ಕೆ ಕರೆಸಿದರು. ಮಗಳ ಡಬ್ಬಿ ಕಟ್ಟಿ ಓಡಿಬಂದಿದ್ದ ಅವಳು ತೊಟ್ಟಿಗಳ ಬಳಿ ಕಾಲಿಟ್ಟೊಡನೆ ಮೂಗಿಗೆ ಕರವಸ್ತ್ರ ಒತ್ತಿದಳು. ಹುಟ್ಟಿದಾಗಿನಿಂದ ಮೀನಿನ ಪಾತ್ರೆಯನ್ನೂ ಮುಟ್ಟಿದವಳಲ್ಲ.

ಪಂಚನಾಮೆ ಶುರುವಾಯಿತು. ಕ್ರೇನಿನ ಜೋಲಿಯಲ್ಲಿ ಮೇಲೆ ಬಂದ ಮೀನನ್ನು ತೆರಾದಾ ಮಗುಚಿ ಹಾಕಿದರು.

"ಮೇಲಿನಿಂದ ಎರಡೂ ಒಂದೇ. ಬಾಯಿ ನೋಡಿ. ಕಲುಗಾಕ್ಕೆ ಅರ್ಧಚಂದ್ರದ ಹಾಗೆ ದೊಡ್ಡ ಬಾಯಿ. ಇದಕ್ಕೆ ಸಣ್ಣ ಸೀಳು. ಇದು ಪಕ್ಕದ ತೊಟ್ಟಿಯ ಅಮೂರ್ ಸ್ಟರ್ಜನ್."

ಲೋಳೆ ಮೆತ್ತಿದ ಬಿಳಿ ಹೊಟ್ಟೆ, ಅದರಡಿ ಮುಚ್ಚಿ ತೆರೆಯುವ ಬಾಯಿ. ಜ್ಯೋತ್ಸ್ನಾ ಮುಖ ತಿರುಗಿಸಿದಳು.

ಅಷ್ಟರಲ್ಲಿ ಕಾನ್‌ಸ್ಟೇಬಲ್ ಓನಿಶಿ ಶೆಡ್ಡಿನ ಹಿಂದಿನಿಂದ ಕೂಗಿದ. ಕಸದ ಡ್ರಮ್ಮಿನಲ್ಲಿ ಕಲುಗಾ ಬಿದ್ದಿತ್ತು. ಹೊಟ್ಟೆಯನ್ನು ಅಡ್ಡಾದಿಡ್ಡಿ ಹರಿದು ಮೊಟ್ಟೆ ಬಗೆಯಲಾಗಿತ್ತು. ಅರ್ಧ ಮೊಟ್ಟೆ ರಕ್ತದಲ್ಲಿ ಕಲಸಿ ಅಲ್ಲೇ ಹಳಸುತ್ತಿತ್ತು. ಮೀನಿನ ತಲೆಗೆ ಟವೆಲ್ ಸುತ್ತಿತ್ತು. ನೊಣ ಓಡಿಸುತ್ತಾ ತೆರಾದಾ ಮುಖ ಕಿವುಚಿದರು. "ಹೇಸಿಗೆ! ಕೊಲ್ಲುವುದಕ್ಕೂ ಒಂದು ರೀತಿ ಇದೆ."

ಸಂದೀಪನ ವಿಚಾರಣೆ ಅಲ್ಲೇ ನಡೆಯಿತು. ಸುಗಿಯಾಮಾ ಕೇಳಿದ್ದನ್ನು ಜ್ಯೋತ್ಸ್ನಾ ಕನ್ನಡದಲ್ಲಿ ಕೇಳಿದಳು.

"ಕೀ ಯಾರ ಹತ್ರ ಇತ್ತು?"

"ನನ್ ಹತ್ರವೇ ಅಕ್ಕ. ನಾನ್ ಎಂತ ಮಾಡ್ಲಿಲ್ಲ, ದೇವ್ರಾಣೆ. ಕೇಸಾದ್ರೆ ವೀಸಾ ಹೋಯ್ತು. ಹೆಂಡ್ತಿಗೆ ಏಳು ತಿಂಗಳು, ಅವ್ಳನ್ನ ಕರ್ಕೊಂಡು ಎಲ್ಲಿಗೆ ಹೋಗ್ಲಿ?"

ಸುಗಿಯಾಮಾ ಬೇಡಿ ತರಲು ಓನಿಶಿಗೆ ಸನ್ನೆ ಮಾಡಿದರು. ಜ್ಯೋತ್ಸ್ನಾಳಿಗೆ ತಡೆಯಲಾಗಲಿಲ್ಲ.

"ಸುಮಿಮಾಸೆನ್, ಕ್ಷಮಿಸಿ, ಸುಗಿಯಾಮಾ ಸಾನ್. ಇದು ಅನುವಾದ ಅಲ್ಲ, ನನ್ನ ಮಾತು. ಇವನು ಮೀನಿನವರ ಮನೆಯಲ್ಲಿ ಬೆಳೆದವನು. ಚಿಪ್ ಬದಲಿಸಿದವನು ಇವನಾಗಿದ್ದರೆ ಮೀನನ್ನು ಒಮ್ಮೆ ಮಗುಚಿ ನೋಡುತ್ತಿದ್ದ, ಬಾಯಿ ಬೇರೆ ಎಂದು ತಿಳಿಯುತ್ತಿತ್ತು. ತಲೆಗೆ ಟವೆಲ್ ಸುತ್ತುತ್ತಿರಲಿಲ್ಲ. ಇದು ಅಸಹ್ಯ ಪಟ್ಟುಕೊಂಡೇ ಮುಟ್ಟಿದವರ ಕೆಲಸ. ನನ್ನಂಥವರದ್ದು."

ಇನ್‌ಸ್ಪೆಕ್ಟರ್ ಡ್ರಮ್ಮಿನತ್ತ ಒಮ್ಮೆ ನೋಡಿದರು. "ಕೀ ಬೇರೆ ಯಾರಿಗಾದರೂ ಕೊಟ್ಟಿದ್ದನೇ, ಕೇಳಿ."

"ಅವಿನಾಶ್ ಸರ್‌ಗೆ. ತೊಟ್ಟಿಯ ಸೆನ್ಸರ್, ಚಿಪ್ ರೀಡರ್ ಎಲ್ಲ ನೋಡ್ಕೊಳ್ಳೋದು ಅವರೇ. ನಿನ್ನೆ ರಿಪೇರಿ ಅಂತ ಬಂದಿದ್ರು. ಪಾಪ, ಇಲ್ಲಿ ಬಂದ್ರೆ ಎರಡು ಮಾಸ್ಕ್ ಹಾಕ್ತಾರೆ. ನಾವೆಲ್ಲ ನಗೋದು."

ಮಧ್ಯಾಹ್ನ ವಾರಂಟ್ ಸಿಕ್ಕಿತು. ಮೈಸೂರಿನವನಾದ ಅವಿನಾಶ್ ತನ್ನ ಫ್ಲಾಟಿನ ಬಾಗಿಲು ತೆರೆದ. ಮನೆಯೊಳಗೆ ಊದುಬತ್ತಿಯ ವಾಸನೆ. ಓನಿಶಿ ಫ್ರಿಜ್ಜಿನಿಂದ ಇಡ್ಲಿ ಹಿಟ್ಟಿನ ಡಬ್ಬ ತೆಗೆದು ಮುಚ್ಚಳ ಬಿಚ್ಚಿದ. ಒಳಗೆ ಕಪ್ಪಗೆ ಮಿನುಗುವ ಮೊಟ್ಟೆ. ಪಕ್ಕದ ಡಬ್ಬದಲ್ಲಿ ನಿಜವಾದ ಹಿಟ್ಟು ಉಬ್ಬಿತ್ತು.

"ಯಾಕೆ ಮಾಡಿದ್ರಿ?" ಎಂದಳು ಜ್ಯೋತ್ಸ್ನಾ.

ಅವಿನಾಶ್ ನೆಲ ನೋಡುತ್ತಾ ಹೇಳಿದ. "ಪ್ರತಿ ವರ್ಷ ಇಯರ್ ಎಂಡ್ ಪಾರ್ಟಿಲಿ ನನ್ನ ಮುಂದೆ ಒಂದು ಸೌತೆಕಾಯಿ ಪ್ಲೇಟ್ ಇಟ್ಟು ಮೊಲ ಮೊಲ ಅಂತ ನಗೋರು. ಈ ಸಲ ಬಾಸ್ ಮುಂದೆ ಇದನ್ನ ಇಡ್ಬೇಕು ಅಂತ. ಒಂದು ಸಲ ಅವ್ರ ಮಧ್ಯೆ ಕೂರ್ಬೇಕಿತ್ತು, ಅಷ್ಟೇ."

"ಸಂದೀಪ ಒಳಗೆ ಹೋಗ್ತಿದ್ದ, ಗೊತ್ತಾ?"

"ಅವ್ನು ಮೀನಿನವನಲ್ವಾ ಮೇಡಂ, ಅವ್ನ ಮೇಲೇ ಡೌಟ್ ಬರುತ್ತೆ ಅಂದ್ಕೊಂಡೆ. ಆದ್ರೆ ಒಂದು ಬರೆಸ್ಕೊಳ್ಳಿ: ನಾನು ತಿಂದಿಲ್ಲ. ಬಾಯಿಗೂ ಹಾಕಿಲ್ಲ. ಬಂದು ತಲೆಗೇ ಸ್ನಾನ ಮಾಡಿದೀನಿ."

ಜ್ಯೋತ್ಸ್ನಾ ಅಷ್ಟನ್ನೂ ಅನುವಾದಿಸಿದಳು. ಡ್ರಮ್ಮಿನ ಹತ್ತಿರವೂ ಹಿಂದೆ ಸರಿಯದವಳು ಈಗ ಅವನಿಂದ ಎರಡು ಹೆಜ್ಜೆ ಹಿಂದೆ ಸರಿದಳು.

ಅವಿನಾಶ್‌ನ ಕೈಗೆ ಬೇಡಿ ಬಿತ್ತು. ಓನಿಶಿ ಫೋನ್ ಮಾಡಿ, ಠಾಣೆಯಲ್ಲಿ ಕೂರಿಸಿದ್ದ ಸಂದೀಪನನ್ನು ಮನೆಗೆ ಕಳುಹಿಸಲು ಹೇಳಿದ. ಕಾರಿನ ಬಾಗಿಲ ಬಳಿ ಅವಿನಾಶ್ ನಿಂತ.

"ಮೇಡಂ, ಪ್ಲೀಸ್, ಕೇಳಿ. ಲಾಕಪ್‌ನಲ್ಲಿ ವೆಜ್ ಊಟ ಕೊಡ್ತಾರಾ?"

"ಏನಂತೆ?" ಎಂದರು ಸುಗಿಯಾಮಾ.

ಅವಳು ಹೇಳಿದಳು. ಇನ್‌ಸ್ಪೆಕ್ಟರ್ ಅವಿನಾಶ್‌ನ ತೋಳು ಬಿಟ್ಟರು. ಜೇಬಿನಿಂದ ಒದ್ದೆ ಟಿಶ್ಯೂ ತೆಗೆದು, ಒಂದೊಂದೇ ಬೆರಳನ್ನು ಒರೆಸಿಕೊಳ್ಳತೊಡಗಿದರು.