ಗರಡಿ ಮುಂದಿನ ಗುಂಡುಕಲ್ಲು

"ಎಲ್ಲಿ, ನಿಮ್ಮಪ್ಪ ಎತ್ತಲಿ ನೋಡುವ!" ಕ್ಲಾಸಿನ ನೀಲಾವತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಚಿನ್ನ ಅಪ್ಪನ ಕಡೆ ನೋಡಿದಳು. ಶನಿವಾರಸಂತೆಯ ಗರಡಿಮನೆಯ ಮುಂದೆ, ಕೆಮ್ಮಣ್ಣಿನ ಮೇಲೆ, ಗುಂಡುಕಲ್ಲು ಎಮ್ಮೆಯ ಹಾಗೆ ಮಲಗಿತ್ತು. "ನಮ್ಮಪ್ಪ ಹುಡುಗ ಆಗಿದ್ದಾಗ ಅದನ್ನ ಹೆಗಲಿಗೇರಿಸ್ತಿತ್ತು. ಈಗ್ಲೂ ಎತ್ತುತ್ತೆ, ಬೆಟ್!" ಎಂದು ಇಡೀ ಕ್ಲಾಸಿನ ಎದುರು ಹೇಳಿದವಳು ಅವಳೇ.

ಸ್ವಾತಂತ್ರ್ಯ ಬಂದು ಕೆಲವೇ ವರ್ಷವಾಗಿ, ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ ಅದು. ಸಂತೆಗೆ ಬಂದ ಹುಡುಗರು ಹನುಮಂತರಾಯನಿಗೆ ಕೈಮುಗಿದು ಆ ಕಲ್ಲನ್ನು ಎತ್ತಿ ನೋಡುತ್ತಿದ್ದರು. ಎತ್ತಿದವರು ಅಲ್ಲಿನ ಕೆಮ್ಮಣ್ಣನ್ನು ಹಣೆಗಿಟ್ಟುಕೊಳ್ಳುವರು. ಎತ್ತಲಾಗದವರು ಇಡುವಂತಿರಲಿಲ್ಲ.

ಅಪ್ಪ ಪುಟ್ಟರಾಜು ಬಟ್ಟೆ ಅಂಗಡಿಯಲ್ಲಿ ದಿನವಿಡೀ ಕೂತಿರುವವನು. ಸಂತೆಚೀಲ ಮಗಳಿಗೆ ಕೊಟ್ಟು ಪಂಚೆ ಎತ್ತಿ ಕಟ್ಟಿದ. ಬಗ್ಗಿದರೆ ಹೊಟ್ಟೆ ಅಡ್ಡ ಬಂತು.

"ಹುಷಾರು ಕಣ್ಲಾ!" ಎದುರು ಜಗಲಿಯಿಂದ ಟೈಲರ್ ಸಿದ್ದಣ್ಣ ಕೂಗಿದ. ಅವನು ಅಪ್ಪನ ಹಳೇ ಗರಡಿ ಜೊತೆಗಾರ. "ಈಗ ನಮ್ಗೆ ಕೂತು ಏಳೋದೇ ಸಾಮು!"

ಅಪ್ಪ ಕಲ್ಲಿಗೆ ನಮಸ್ಕರಿಸಿ, ತಬ್ಬಿ ಎಳೆದ. ಕಲ್ಲು ಒಂಚೂರು ಮಿಸುಕಿತು. ಮತ್ತೆ ತನ್ನ ಗುಂಡಿಯಲ್ಲೇ ಕೂತಿತು.

"ಸುಳ್ಳಿ!" ಎಂದು ನೀಲಾವತಿ ಕಿಸಕ್ಕನೆ ನಕ್ಕು, ಸಂತೆಯಲ್ಲಿದ್ದ ತನ್ನ ಅಮ್ಮನ ಕಡೆ ಓಡಿದಳು.

ಚಿನ್ನಳ ಕಣ್ಣು ತುಂಬಿತು. "ಗರಡಿ ಯಾಕಪ್ಪ ಬಿಟ್ಟೆ?"

"ಅವನೆಲ್ಲಿ ಬಿಟ್ಟ? ನೀನೇ ಬಿಡಿಸ್ದೆ ಕಣವ್ವ," ಎಂದ ಸಿದ್ದಣ್ಣ. "ನೀನಾಗ ಕೈಕೂಸು, ನಿಮ್ಮವ್ವಂಗೆ ಚಳಿಜ್ವರ. ಕೋಳಿ ಕೂಗೋ ಹೊತ್ಗೆ ನಾವೆಲ್ಲ ಗರಡಿಗೆ ಬಂದ್ರೆ, ಇವ್ನು ನಿನ್ನ ಹೆಗಲ್ಮೇಲೆ ಹಾಕ್ಕೊಂಡು ಕೆರೆ ಏರಿ ಸುತ್ತೋನು. ಇಳಿಸಿದ್ರೆ ಊರೇ ಎದ್ದೇಳೋ ಹಂಗೆ ಅಳ್ತಿದ್ದೆ!"

"ಆಮೇಲೆ ಅಂಗಡಿ ಬಂತು," ಎಂದ ಅಪ್ಪ, ಏದುಸಿರಲ್ಲೇ. ಗರಡಿಯೊಳಗೆ ಹುಡುಗರು ತೊಡೆ ತಟ್ಟುವ ಸದ್ದು. ಅಪ್ಪ ಬಾಗಿಲ ಕಡೆಯೇ ನೋಡುತ್ತಿದ್ದ. "ಮಜ್ಜಿಗೆ, ಎಣ್ಣೆ ಹಾಕಿ ಮಣ್ಣು ಹದ ಮಾಡ್ತಿದ್ವಿ. ಅದೇ ವಾಸ್ನೆ ನೋಡು, ಇವತ್ತೂ."

ಚಿನ್ನ ಅಪ್ಪನ ಹೆಗಲನ್ನು ನೋಡಿದಳು. ಆಮೇಲೆ ಚೀಲ ಕೆಳಗಿಟ್ಟು ಒಂದು ಚಿಟಿಕೆ ಕೆಮ್ಮಣ್ಣು ತೆಗೆದುಕೊಂಡಳು.

"ಬಗ್ಗಪ್ಪ."

"ಏ, ಬೇಡ ಕಣವ್ವ. ನಾನೆಲ್ಲಿ ಎತ್ತಿದೆ?"

"ಎತ್ತಿದ್ದೀಯ," ಎಂದಳು ಚಿನ್ನ.

ಅಪ್ಪ ಬಗ್ಗಿ ಹಣೆ ಒಡ್ಡಿದ.