ಸ್ಟ್ರಾಲರ್‌ನಲ್ಲಿ ಕೂತ ರಾಗಿ

ಮಕ್ಕಳ ಸಾಮಾನಿನ ಅಂಗಡಿಯ ಮುಕ್ತಿಯಾರ್ ನೇರವಾಗಿ ಮಧುಕುಮಾರನನ್ನೇ ಕೇಳಿಬಿಟ್ಟ. "ನಿಮ್ ಮಗೂಗಾ ಸಾರ್?"

ಕುದೂರಿನ ಹೈಸ್ಕೂಲಿನಲ್ಲಿ ಇಡೀ ತರಗತಿಯನ್ನು ಕಣ್ಣಲ್ಲೇ ಸುಮ್ಮನಿರಿಸುವ ಮೇಷ್ಟ್ರು ಮಧು. ಈಗ ಅವನ ಕಿವಿಯ ಅಂಚು ನಿಧಾನವಾಗಿ ಕೆಂಪಾಯಿತು. ನಯನಾ ಅದನ್ನು ನೋಡಿದಳು. ನೋಡಬಾರದಿತ್ತು ಅನಿಸಿ, ಮಗು ಕೂರಿಸಿ ತಳ್ಳುವ, ಸಾಲಾಗಿ ನಿಂತ ಸ್ಟ್ರಾಲರ್‌ಗಳ ಕಡೆ ತಿರುಗಿದಳು.

"ನನ್ ಮೊಮ್ಮಗುಂಗೆ ಕಣಪ್ಪ," ಎಂದರು ಅವಳ ಅತ್ತೆ ಅಂಕಮ್ಮ. "ಮಿಕ್ಕಿದ್ದು ಆಮೇಲೆ ಗೊತ್ತಾಯ್ತದೆ. ಗಾಡಿ ತೋರ್ಸು."

ಮಿಕ್ಕಿದ್ದು ಏನೆಂದು ಮೂವರಿಗೂ ಗೊತ್ತಿತ್ತು. ನಯನಾಳ ಗಂಡ ಸಿದ್ಧಾರ್ಥ ತೀರಿಕೊಂಡು ಎರಡನೆಯ ವರ್ಷ ನಡೆಯುತ್ತಿತ್ತು. ಮಧು ಅವನ ಗೆಳೆಯ. ಹೋದ ತಿಂಗಳು ಅಂಕಮ್ಮನ ಎದುರು ಕೂತು, ನಯನಾ ಒಪ್ಪಿದರೆ ಮದುವೆಯಾಗುತ್ತೇನೆ ಎಂದಿದ್ದ. ಅಂಕಮ್ಮ ಮಗನ ಫೋಟೋವನ್ನು ಒಮ್ಮೆ ನೋಡಿ, ಅವಳನ್ನೇ ಕೇಳು ಅಂದಿದ್ದರು. ನಯನಾ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಭಾನುವಾರ ಎಲ್ಲರೂ ಬಿಡದಿ ಹತ್ತಿರದ ಥೀಮ್ ಪಾರ್ಕಿಗೆ ಹೋಗೋಣ, ಏನಿದ್ದರೂ ಅಲ್ಲಿ ಹೇಳಿಬಿಡು ಎಂದು ಅತ್ತೆಯೇ ಗಡುವು ಹಾಕಿದ್ದರು.

ಮಗ ದೀಪು ಅಮ್ಮನ ಸೊಂಟ ಬಿಟ್ಟು ಬೇರೆಯವರ ತೋಳಿಗೆ ಹೋಗುವವನಲ್ಲ. ಪಾರ್ಕಿನಲ್ಲಿ ದಿನವಿಡೀ ಹೊತ್ತು ತಿರುಗುವುದು ಆಗದ ಮಾತು. ಅದಕ್ಕೇ ಅವನು ನಿದ್ದೆ ಹೋದ ಹೊತ್ತು ನೋಡಿ, ಪಕ್ಕದ ಮನೆಯ ರೋಶನ್ ಬೀಯನ್ನು ಕಾವಲಿಗೆ ಕೂರಿಸಿ, ಮಧುವಿನ ಕಾರಿನಲ್ಲಿ ಚನ್ನಪಟ್ಟಣದಿಂದ ರಾಮನಗರಕ್ಕೆ ಬಂದಿದ್ದರು.

ಕೊಡೆಯಂತೆ ಮಡಿಚುವ ಹಗುರವಾದದ್ದೊಂದು, ದಪ್ಪ ಚಕ್ರದ ದೊಡ್ಡದೊಂದು, ಎರಡನ್ನೂ ಮುಕ್ತಿಯಾರ್ ಮುಂದಕ್ಕೆಳೆದ. ತಳ್ಳಿ ನೋಡಲು ಹೋದ ನಯನಾಳ ಮಣಿಕಟ್ಟನ್ನು ಅಂಕಮ್ಮ ಹಿಡಿದರು. ಖಾಲಿ ತೊಟ್ಟಿಲನ್ನು ತೂಗದ ಮನೆಯವರು ಖಾಲಿ ಗಾಡಿಯನ್ನು ತಳ್ಳುವುದುಂಟೇ ಎಂಬುದು ಅವರ ವಾದ. ಮುಕ್ತಿಯಾರ್ ಒಂದು ಗೊಂಬೆ ತಂದ. ಅಷ್ಟು ಹಗುರದ್ದನ್ನು ಕೂರಿಸಿದರೆ ಚಕ್ರದ ಬಂಡವಾಳ ತಿಳಿಯುವುದಿಲ್ಲ ಎಂದು ಅದನ್ನೂ ವಾಪಸ್ ಮಾಡಿದರು.

ಮಧು ಸದ್ದಿಲ್ಲದೆ ಪಕ್ಕದ ದಿನಸಿ ಅಂಗಡಿಗೆ ಹೋದ. ಅಲ್ಲಿ ಬಟ್ಟೆಯ ಚೀಲಕ್ಕೆ ರಾಗಿ ಹಾಕಿಸಿ, ಎತ್ತಿ ಭುಜಕ್ಕೆ ಒರಗಿಸಿಕೊಂಡು, ಇನ್ನೊಂದು ಒಸಿ ಹಾಕಿ ಎನ್ನುತ್ತಿದ್ದುದು ಬಾಗಿಲಿನಿಂದ ಕಾಣುತ್ತಿತ್ತು. ಕೊನೆಗೆ ಕಣ್ಣು ಮುಚ್ಚಿ ತಲೆಯಾಡಿಸಿದ. ಒಂದು ಅಂಗೈ ಚೀಲದ ಅಡಿಗೆ, ಇನ್ನೊಂದು ಅದರ ನೆತ್ತಿಗೆ. ಹಾಗೇ ರಸ್ತೆಯ ಬದಿಯಲ್ಲಿ ನಡೆದು ಬಂದ. ರಾಗಿಗೆ ಬಿಸಿಲು ತಾಗೀತೆಂಬ ಹಾಗೆ.

ನಯನಾಳಿಗೆ ನಗು ಬಂತು. ಬಂದ ಮೇಲೆ, ಅದು ತನ್ನದೇ ನಗು ಎಂದು ಆಶ್ಚರ್ಯವಾಯಿತು.

"ಏನ್ ಮೇಷ್ಟ್ರೇ, ದೀಪು ಇದಕ್ಕಿಂತ ಎಷ್ಟೋ ದಪ್ಪ ಇದ್ದಾನೆ."

ಮಧು ಚೀಲವನ್ನು ದೊಡ್ಡ ಸ್ಟ್ರಾಲರ್‌ನಲ್ಲಿ ಮೆಲ್ಲಗೆ ಕೂರಿಸಿದ. "ನಾನು ಎತ್ಕೊಂಡಾಗ ಇಷ್ಟೇ ಇದ್ದ."

"ಯಾವಾಗ?"

ಅವನು ಬೆಲ್ಟಿನ ಬಕಲ್ ಹಾಕುವುದರಲ್ಲಿ ಮುಳುಗಿದ. ಅಂಕಮ್ಮ ರಸ್ತೆಯ ಕಡೆ ನೋಡಿದರು.

ನಯನಾ ಬಗ್ಗಿ, ಬಕಲ್ ಬಿಚ್ಚಿ, ಚೀಲ ಎತ್ತಿದಳು. ಎದೆಗೆ ಒರಗಿಸಿಕೊಂಡಳು. ಈ ಭಾರ ಅವಳ ತೋಳಿಗೆ ಗೊತ್ತಿತ್ತು. ಇನ್ನೂ ನಿಲ್ಲಲು ಬಾರದ, ಹಾಲು ಕುಡಿದು ಸಡಿಲಾಗಿ ಒರಗುತ್ತಿದ್ದ ದೀಪು. ಸಿದ್ಧಾರ್ಥನ ದೇಹವನ್ನು ಮನೆಗೆ ತಂದ ದಿನದ ದೀಪು. ಆ ದಿನದಲ್ಲಿ ಅವಳಿಗೆ ನೆನಪಿರುವುದು ನೆಲ, ಜನರ ಪಾದ. ಮಗು ಎಲ್ಲಿತ್ತು ಎಂದು ಅವಳು ಯಾರನ್ನೂ ಕೇಳಿರಲಿಲ್ಲ. ಕೇಳಲು ಹೆದರಿದ್ದಳು. ತನ್ನ ನೆನಪಿನಿಂದ ಕಳೆದುಹೋದ ಆ ದಿನದ ಮಗುವನ್ನು, ಗುಂಜಿಯಷ್ಟೂ ಕಡಿಮೆಯಾಗದಂತೆ, ಒಬ್ಬ ಮನುಷ್ಯ ತೋಳಿನಲ್ಲಿ ಕಾಪಾಡಿಕೊಂಡಿದ್ದ.

"ಅವತ್ತು ಇಡೀ ದಿನಾನಾ?" ಎಂದಳು.

"ಸಂಜೆವರೆಗೂ. ಹಿತ್ತಲಲ್ಲಿ, ಸೀಬೆ ಮರದ ಹತ್ರ."

"ತುಂಬಾ ಅತ್ನಾ?"

"ಇಲ್ಲ. ಎಲೆ ಅಲ್ಲಾಡೋದು ನೋಡಿ ನಕ್ಕ. ನಂಗೇ ಅಳು ಬಂತು."

ನಕ್ಕನಂತೆ. ಲೋಕವೇ ಮುಗಿದ ದಿನ, ಹಿತ್ತಲಲ್ಲಿ, ತನ್ನ ಮಗು ನಕ್ಕಿತ್ತು. ನಯನಾ ಚೀಲವನ್ನು ಇನ್ನಷ್ಟು ಒತ್ತಿ ಹಿಡಿದಳು. ಬಟ್ಟೆಯೊಳಗೆ ರಾಗಿ ಸರಿದಾಡಿ ಅವಳ ಭುಜದ ಆಕಾರಕ್ಕೆ ಹೊಂದಿಕೊಂಡಿತು.

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ, ಅದಕ್ಕೋಸ್ಕರ ಹೂಂ ಅಂತೀರೇನೋ ಅಂತ."

ಮುಕ್ತಿಯಾರ್ ಪೆಚ್ಚಾಗಿ ನಿಂತಿದ್ದ. ಅಂಕಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ದೊಡ್ಡದನ್ನೇ ಕೊಡು, ಹುಡುಗ ಇನ್ನೂ ಬೆಳೆಯುವವನು ಎಂದರು. ರಾಗಿ ಅದರಲ್ಲೇ ಕೂತು ಕಾರಿನವರೆಗೆ ಸವಾರಿ ಹೋಯಿತು.

ಮನೆ ತಲುಪಿದಾಗ ದೀಪು ಇನ್ನೂ ಮಲಗಿದ್ದ. ಮಧು ಎಂದಿನಂತೆ ಹೊಸ್ತಿಲ ಹೊರಗೇ ನಿಂತ.

"ಒಳಗೆ ಬನ್ನಿ," ಎಂದಳು ನಯನಾ. "ನಾನು ಭಾನುವಾರದವರೆಗೆ ಕಾಯಲ್ಲ. ನಂಗೆ ಒಪ್ಪಿಗೆ. ಅವತ್ತಿಗೋಸ್ಕರ ಅಲ್ಲ. ರಾಗೀನ ಹಂಗೆ ಎತ್ಕೊಂಡ್ ಬಂದ್ರಲ್ಲ, ಅದಕ್ಕೆ."

ಅವಳು ನಿದ್ದೆಯ ಮಗುವನ್ನು ಎತ್ತಿ ಅವನ ತೋಳಿಗಿಟ್ಟಳು. ತೋಳು ಥಟ್ಟನೆ ಕುಸಿಯಿತು. ಇಷ್ಟೊಂದಾ ಎಂಬಂತೆ ಅವನು ಕಣ್ಣರಳಿಸಿ ಅವಳನ್ನು ನೋಡಿದ. ದೀಪು ಮುಲುಗಿ, ಅವನ ಕುತ್ತಿಗೆಯ ಸಂದಿಗೆ ಮೂಗು ತೂರಿಸಿ, ಮತ್ತೆ ನಿದ್ದೆಗೆ ಜಾರಿದ.

ನಯನಾ ಮಧುವಿನ ಮೊಣಕೈ ಕೆಳಗೆ ತನ್ನ ಅಂಗೈ ಕೊಟ್ಟಳು. ಭಾರ ಹಿಡಿತಕ್ಕೆ ಬಂದ ಮೇಲೂ ತೆಗೆಯಲಿಲ್ಲ.