ಮುಚ್ಚಿದ ಬಾಗಿಲಿನ ಸಿನಿಮಾ

ದೆವ್ವದ ಮೈಯಿಂದ ಘಮ್ಮೆಂದು ಪೌಡರಿನ ವಾಸನೆ ಬರುತ್ತಿತ್ತು. ಅವಳು ತೀರಾ ಚಿಕ್ಕವಳಿದ್ದಾಗ ಸ್ನಾನ ಮಾಡಿಸಿ ಅಮ್ಮ ಕುತ್ತಿಗೆಗೆ ಹಚ್ಚುತ್ತಿದ್ದ ಅದೇ ಪೌಡರು. ಆ ವಾಸನೆಗೆ ನಿದ್ದೆ ಬರುತ್ತದೆಯೇ ಹೊರತು ಭಯ ಬರುವುದಿಲ್ಲ.

“ಆ್ಯಕ್ಷನ್” ಎಂದಳು, ಅಮ್ಮನ ಮೊಬೈಲ್ ಹಿಡಿದು.

ದೆವ್ವ, ಅಂದರೆ ಅವಳ ಆರು ವರ್ಷದ ತಮ್ಮ, ಬೆಡ್‌ಶೀಟ್ ಎಳೆದುಕೊಂಡು ಬಂದು, ಎಡವಿ, ಎರಡು ಸಲ ಸೀನಿತು.

ಸೋಫಾದ ಮೇಲಿದ್ದ ಅಕ್ಕ ಪುಸ್ತಕದಿಂದ ತಲೆ ಎತ್ತಲಿಲ್ಲ. “ಪಾಪ, ದೆವ್ವಕ್ಕೆ ನೆಗಡಿ. ಮೊದಲು ಡಾಕ್ಟರಿಗೆ ತೋರಿಸಿ, ಡೈರೆಕ್ಟರ್ ಮೇಡಂ.”

ಐದನೇ ಕ್ಲಾಸಿನವರೆಲ್ಲ ಮೂರು ನಿಮಿಷದ ಸಿನಿಮಾ ಮಾಡಿ ಶುಕ್ರವಾರ ತೋರಿಸಬೇಕಿತ್ತು. ಡೈರೆಕ್ಟರ್ ಮೇಡಂ ಸುಮ್ಮನೆ ಒಂದು ಮಾಡಿದ್ದರೆ ಆಗುತ್ತಿತ್ತು. ಅದು ಬಿಟ್ಟು, ಕ್ಲಾಸನ್ನೆಲ್ಲ ಹೆದರಿಸುತ್ತೇನೆ, ಒಬ್ಬರು ನಕ್ಕರೂ ತಿಂಗಳಿಡೀ ಬೋರ್ಡು ಒರೆಸುತ್ತೇನೆ ಎಂದು ಎಲ್ಲರೆದುರು ಹೇಳಿಬಿಟ್ಟಿದ್ದಳು. ಪ್ರಪಂಚದ ಹಾರರ್ ಸಿನಿಮಾಗಳನ್ನೆಲ್ಲ ನೋಡಿ ಮುಗಿಸಿದ್ದ ಲಾಸ್ಟ್ ಬೆಂಚ್ ಪಂಡಿತ ಆಗಲೇ ಡಸ್ಟರ್ ತಂದು ಅವಳ ಡೆಸ್ಕಿನ ಮೇಲಿಟ್ಟಿದ್ದ.

ಒಂದು ದೆವ್ವ ಸಾಲದಿದ್ದರೆ ಎರಡು ಹಾಕಬಹುದು ಎಂದುಕೊಂಡಳು. ಕಿರ್ರೆನ್ನುವ ಬಾಗಿಲು ಸೇರಿಸಿದಳು. ಮೇಣದಬತ್ತಿ ಆರಿಸಿದಳು. ರಕ್ತಕ್ಕೆಂದು ಟೊಮೆಟೊ ಸಾಸು ತಂದಿಟ್ಟಳು. ಆ ರಕ್ತವನ್ನು ದೆವ್ವವೇ ನೆಕ್ಕಿ ಖಾಲಿ ಮಾಡಿತು.

“ಇದೆಲ್ಲ ಎಲ್ಲರ ಸಿನಿಮಾದಲ್ಲೂ ಇರತ್ತೆ ಕಣೇ” ಎಂದಳು ಅಕ್ಕ. “ಬಾಗಿಲು ಕಿರ್ರ್ ಅಂದ ಕೂಡಲೇ ಗೊತ್ತಾಗಿಬಿಡತ್ತೆ. ನಿನ್ನ ದೆವ್ವ ಕಾಲಿಂಗ್ ಬೆಲ್ ಒತ್ತಿ, ಚಪ್ಪಲಿ ಬಿಟ್ಟು ಒಳಗೆ ಬರತ್ತೆ.”

ಅಪ್ಪ ಲಿಫ್ಟ್ ರಿಪೇರಿ ಮಾಡುವವರು. ಆ ವಾರ ಅವರ ಕೆಲಸ ಹಳೆಯ ಆರು ಮಹಡಿಯ ಕಟ್ಟಡದಲ್ಲಿತ್ತು. ಅಲ್ಲಿನ ಕತ್ತಲೆ ಮೆಟ್ಟಿಲಲ್ಲಿ ಶೂಟಿಂಗ್ ಮಾಡಬೇಕೆಂದು ಬುಧವಾರ ಸ್ಕೂಲು ಬಿಟ್ಟಮೇಲೆ ಹಟ ಹಿಡಿದು ಹೋದಳು. ಜೊತೆಯಲ್ಲಿ ಕೆಲಸ ಮಾಡುವ ಎಲೆಕ್ಟ್ರಿಷಿಯನ್ ಮಾಮನ ಪಕ್ಕದಿಂದ ಕದಲಬಾರದೆಂದು ಹೇಳಿ ಅಪ್ಪ ಲಿಫ್ಟಿನ ನೆತ್ತಿಯ ಮೇಲೆ ಹತ್ತಿ ನಿಂತರು. ಬಾಗಿಲು ಮುಚ್ಚಿತು. ಅವಳು ಬಾಗಿಲಿನ ಕಡೆಗೆ ಮೊಬೈಲ್ ಹಿಡಿದು ರೆಕಾರ್ಡಿಂಗ್ ಆನ್ ಮಾಡಿದಳು.

“ನಿಮ್ಮಪ್ಪ ಒಂದೊಂದು ಮಹಡಿ ತಲುಪಿದಾಗ್ಲೂ ಸ್ಪ್ಯಾನರಿಂದ ಎರಡು ಸಲ ಬಡೀತಾರೆ. ಚೆನ್ನಾಗಿದೀನಿ ಅಂತ” ಎಂದರು ಮಾಮ.

ಟಕ್ ಟಕ್. ಒಂದನೇ ಮಹಡಿ.

ಟಕ್ ಟಕ್. ಎರಡು. ಮಾಮ ಏನೋ ಹಾಡು ಗುನುಗುತ್ತಿದ್ದರು.

ಟಕ್ ಟಕ್. ಮೂರು.

ಮೋಟಾರಿನ ಸದ್ದು ನಿಂತಿತು. ಆಮೇಲೆ ಏನೂ ಕೇಳಿಸಲಿಲ್ಲ.

ಮಾಮನ ಹಾಡು ಅರ್ಧಕ್ಕೇ ನಿಂತಿತು. “ಮಾಮ, ನಾಲ್ಕು?” ಎಂದು ಅವಳು ಕೇಳಿದಳು.

“ಸ್ವಲ್ಪ ಸುಮ್ನಿರು ಪುಟ್ಟ” ಎಂದರು ಮಾಮ, ಮೆಲ್ಲಗೆ. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ಅವರ ಕೈ ಮಾತ್ರ ಬಂದು ಅವಳ ಹೆಗಲ ಮೇಲೆ ಕೂತಿತು.

ಎದುರಿಗೆ ಇದ್ದದ್ದು ಬೂದುಬಣ್ಣದ ತಗಡಿನ ಬಾಗಿಲು, ಅಷ್ಟೇ.

ಟಕ್ ಟಕ್.

ಅಪ್ಪನ ಕೈಯಿಂದ ಒಂದು ನಟ್ಟು ಜಾರಿತ್ತಂತೆ. ನಾಲ್ಕನೇ ಮಹಡಿಯಲ್ಲಿ ಲಿಫ್ಟ್ ನಿಲ್ಲಿಸಿ, ಬಡಿಯುವ ಮೊದಲು ಟಾರ್ಚ್ ಹಾಕಿ ಹುಡುಕುತ್ತಿದ್ದರಂತೆ. ಕೆಳಗೆ ಬಂದವರೇ, ಶೂಟಿಂಗ್ ಆಯ್ತಾ ಎಂದು ಕೇಳಿದರು. ಮೊಬೈಲು ಇನ್ನೂ ಓಡುತ್ತಲೇ ಇತ್ತು.

ಮನೆಯಲ್ಲಿ ಅದನ್ನು ನೋಡಿದ ಅಕ್ಕ, “ಇದ್ರಲ್ಲಿ ದೆವ್ವ ಎಲ್ಲಿ? ರಜೆ ಹಾಕಿದ್ಯಾ?” ಎಂದಳು. ಆದರೂ ಇನ್ನೊಂದು ಸಲ ಹಾಕು ಎಂದು ಅವಳೇ ಕೇಳಿದಳು.

ಶುಕ್ರವಾರ ಕ್ಲಾಸಿನಲ್ಲಿ ಮೊದಲು ಪಂಡಿತ ಆಕಳಿಸಿದ. ಬಾಗಿಲಿನ ಸಿನಿಮಾನಾ, ಕಿಟಕಿದೂ ಇದ್ಯಾ ಎಂದು ಪಕ್ಕದವನನ್ನು ವಿಚಾರಿಸಿದ. ಮೂರನೇ ಟಕ್ ಟಕ್ ಆಯಿತು. ಮಾಮನ ಹಾಡು ನಿಂತಿತು. ಪಂಡಿತನೂ ಸುಮ್ಮನಾದ.

ಪರದೆಯ ಮೇಲೆ ಏನೂ ನಡೆಯಲಿಲ್ಲ. ಯಾರೂ ಅಲ್ಲಾಡಲಿಲ್ಲ. ಟೀಚರ್ ನೀರಿನ ಬಾಟಲಿಯ ಮುಚ್ಚಳ ತೆಗೆದವರು ಕುಡಿಯಲಿಲ್ಲ. ಮುಂದೇನಾಗುತ್ತದೆಂದು ಗೊತ್ತಿದ್ದವಳು ಇಡೀ ಕ್ಲಾಸಿನಲ್ಲಿ ಅವಳೊಬ್ಬಳೇ. ಆದರೂ ಅವಳ ಬೆರಳುಗಳು ಡೆಸ್ಕಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದವು.

ನಾಲ್ಕನೇ ಮಹಡಿಯ ಸದ್ದು ಕೇಳಿದಾಗ ನಲವತ್ತು ಜನ ಒಟ್ಟಿಗೆ ಉಸಿರು ಬಿಟ್ಟರು.

ಬೆಲ್ ಆದಮೇಲೆ ಪಂಡಿತ ಅವಳ ಹತ್ತಿರ ಬಂದ. ಜೋಕು ಮಾಡಲಿಲ್ಲ.

“ಒಳಗಿದ್ದಿದ್ದು ಯಾರು?”

“ನಮ್ಮಪ್ಪ.”

ಅವನು ತಲೆಯಾಡಿಸಿ ಹೋದ.

ಸಂಜೆ ಅಪ್ಪ ಬಂದು ಕೈಕಾಲು ತೊಳೆದುಕೊಂಡು ಕೂತರು. ಅಮ್ಮ ಎದ್ದೇಳುವ ಮೊದಲೇ ಅವಳು ಅಡುಗೆಮನೆಗೆ ಹೋದಳು.

“ಏನಿದು, ಡೈರೆಕ್ಟರೇ ಬಡಿಸೋ ಕಾಲ ಬಂತಾ?” ಎಂದರು ಅಪ್ಪ.

ಅವಳು ಬಿಸಿ ಅನ್ನದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಚೆಲ್ಲದಂತೆ, ಅಪ್ಪನ ಕೈಗೆ ಕೊಟ್ಟಳು.